ಸಾಹೇಬರ ಮರಿಗೊಂದು ಏಳನೇ ನಮೂನೆ

ನಮ್ಮ ಚಿಕ್ಕಪ್ಪ ತಟ್ಟಿ ನೋಡದೆ ಯಾವುದನ್ನೂ ನಂಬುತ್ತಿರಲಿಲ್ಲ. ಕುರ್ಚಿಯನ್ನು ತಟ್ಟಿ ಕೂರುತ್ತಿದ್ದರು, ಗೋಡೆಯನ್ನು ತಟ್ಟಿ ಒರಗುತ್ತಿದ್ದರು. ಅಂಗಡಿಯಲ್ಲಿ ಕೊಡ ತಟ್ಟಿ ನೋಡುವವರನ್ನು ನೀವು ಕಂಡಿರಬಹುದು. ಇವರು ಕೊಡೆಯನ್ನೂ ತಟ್ಟುತ್ತಿದ್ದರು. ಹುಟ್ಟುಗುಣವೇನಲ್ಲ ಅದು, ಹೊಟ್ಟೆಪಾಡಿನ ಗುಣ. ಬಸ್ ಡಿಪೋದಲ್ಲಿ ಅವರದು ತಪಾಸಕರ ಕೆಲಸ. ಎಲ್ಲಾದರೂ ಗುದ್ದಿಕೊಂಡು ಬಂದ ಬಸ್ಸಿನ ಸುತ್ತ ಒಂದು ಪುಟ್ಟ ಸುತ್ತಿಗೆ, ಒಂದು ಟಾರ್ಚು, ಒಂದು ಸೀಮೆಸುಣ್ಣ ಹಿಡಿದು ಪ್ರದಕ್ಷಿಣೆ ಹಾಕುವುದು. ತಗ್ಗು ಬಿದ್ದ ಕಡೆಯೆಲ್ಲ ಸೀಮೆಸುಣ್ಣದಲ್ಲಿ ಸೊನ್ನೆ ಬರೆಯುವುದು. ಕೊನೆಗೆ ಏಳನೇ ನಮೂನೆ ಎಂಬ ಫಾರಂ ತುಂಬುವುದು.

ಏಳನೇ ನಮೂನೆಯಲ್ಲಿ ಹದಿಮೂರು ಕಾಲಂಗಳಿದ್ದವು. ಜಗತ್ತಿನಲ್ಲಿ ಏನು ಕೆಟ್ಟರೂ ಈ ಹದಿಮೂರರೊಳಗೆ ಎಲ್ಲೋ ಒಂದು ಕಡೆ ಬಂದೇ ಬರುತ್ತದೆ ಎನ್ನುವುದು ಚಿಕ್ಕಪ್ಪನ ನಂಬಿಕೆ. ಚಿಕ್ಕಮ್ಮನಿಗೆ ತಲೆನೋವು ಬಂದರೂ ‘ಮುಂಭಾಗವೋ ಹಿಂಭಾಗವೋ?’ ಎಂದು ಕೇಳುತ್ತಿದ್ದ ಮನುಷ್ಯ.

ನಾನು ಅದೇ ಡಿಪೋದಲ್ಲಿ ಟೈಪಿಸ್ಟು. ಚಿಕ್ಕಪ್ಪನ ಮನೆಯಲ್ಲೇ ಇದ್ದು, ಚಿಕ್ಕಪ್ಪ ತುಂಬಿದ್ದನ್ನೇ ಮೂರು ಪ್ರತಿ ಟೈಪು ಮಾಡಿ, ಸಂಜೆ ಕಾರ್ಬನ್ನಿನ ನೀಲಿ ಹತ್ತಿದ ಬೆರಳಲ್ಲೇ ಚಿಕ್ಕಮ್ಮನ ಕೈಯಿಂದ ಟೀ ಇಸಕೊಳ್ಳುತ್ತಿದ್ದೆ. ಡಿಪೋದ ಹಿಂಗೋಡೆಗೆ ಅಂಟಿಕೊಂಡೇ ನಮ್ಮ ಕ್ವಾರ್ಟರ್ಸ್ ಸಾಲು, ಗೋಡೆಯಲ್ಲೊಂದು ಕಂಡಿ. ಆ ಕಂಡಿಯ ಮೂಲಕ ಚಿಕ್ಕಮ್ಮನ ಊಟದ ಡಬ್ಬಿ ಒಳಗೆ ಬರುತ್ತಿತ್ತು, ಆಫೀಸಿನ ಸುದ್ದಿ ಹೊರಗೆ ಹೋಗುತ್ತಿತ್ತು. ಇವತ್ತಿಗೂ ಡೀಸೆಲ್ ವಾಸನೆಯೂ ಒದ್ದೆ ಸಿಮೆಂಟಿನ ವಾಸನೆಯೂ ಒಟ್ಟಿಗೆ ಬಂದರೆ ನನ್ನ ಬೆರಳುಗಳು ತಾವಾಗಿಯೇ ಆಡುತ್ತವೆ: ‘ಕಾಲಂ ಒಂದು, ಮುಂಭಾಗ, ಎಡ.’

ಆ ಒದ್ದೆ ಸಿಮೆಂಟಿನ ಒಡತಿ ಪೈಪಕ್ಕ. ದಿನಕ್ಕೆ ಇಪ್ಪತ್ತೆರಡು ಬಸ್ಸು ತೊಳೆಯುತ್ತಿದ್ದಳು. ಕರಿ ರಬ್ಬರಿನ ದಪ್ಪ ಪೈಪು ಸದಾ ಹೆಗಲ ಮೇಲೆ ಇರುತ್ತಿದ್ದುದರಿಂದ ಆ ಹೆಸರು. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿತ್ತು, ಆ ಹೆಸರಿನಿಂದ ಹಾಜರಿ ಪುಸ್ತಕ ಬಿಟ್ಟು ಇನ್ಯಾರೂ ಕರೆಯುತ್ತಿರಲಿಲ್ಲ. ಅವಳು ನಡೆದರೆ ಒಂದು ಹೆಜ್ಜೆ ‘ಟಪ್’ ಎನ್ನುತ್ತಿತ್ತು, ಇನ್ನೊಂದು ‘ಸರ್’ ಎಂದು ಎಳೆಯುತ್ತಿತ್ತು. ಮೆಕ್ಯಾನಿಕ್ಕುಗಳು ‘ಪೈಪಕ್ಕ ಫಸ್ಟ್ ಗೇರಲ್ಲಿ ಬಂದ್ಲು’ ಎಂದು ನಗುತ್ತಿದ್ದರು. ಅವಳೂ ನಗುತ್ತಿದ್ದಳು. ಕಿಟಕಿಯ ಹೊರಗೆ ಆ ಸದ್ದು ಕೇಳಿದರೆ ಹತ್ತು ಗಂಟೆಯಾಯಿತು ಎಂದು ನಾನು ರಿಬ್ಬನ್ ಬದಲಿಸುತ್ತಿದ್ದೆ. ಗಡಿಯಾರ ಯಾಕೆ ಹೀಗೆ ಬಡಿಯುತ್ತದೆ ಎಂದು ಯಾರಾದರೂ ಕೇಳುತ್ತಾರೆಯೆ? ನಾವೂ ಕೇಳಿರಲಿಲ್ಲ.

ಇಂಥ ಡಿಪೋಗೆ ಒಂದು ದಿನ ಮ್ಯಾನೇಜರ್ ಸಾಹೇಬರು ಕಂಕುಳಲ್ಲಿ ಒಂದು ನಾಯಿಮರಿ ಇಟ್ಟುಕೊಂಡು ಬಂದರು. ಕಪ್ಪು ಮರಿ, ಎರಡು ತಿಂಗಳದ್ದು, ಹೊಟ್ಟೆ ಮಾತ್ರ ಆರು ತಿಂಗಳದ್ದು. ಸಾಹೇಬರ ಮನೆಗೆ ಬಣ್ಣ ಬಳಿಯುತ್ತಿದ್ದರಂತೆ. ಮರಿ ಬಣ್ಣ ನೆಕ್ಕುತ್ತದಂತೆ.

“ನಾಲ್ಕು ದಿನ ಯಾರ್ರೀ ನೋಡ್ಕೋತೀರಿ?” ಎಂದರು ಸಾಹೇಬರು.

ಚಿಕ್ಕಪ್ಪನನ್ನು ಹಿರಿಯ ತಪಾಸಕರನ್ನಾಗಿ ಮಾಡುವ ಕಾಗದ ಆಗ ಸಾಹೇಬರ ಮೇಜಿನ ಮೇಲೆ, ಗಾಜಿನ ಗುಂಡಿನ ಕೆಳಗೆ, ಹನ್ನೊಂದು ತಿಂಗಳಿಂದ ಒಂದು ಸಹಿಗಾಗಿ ಕಾದು ಮಲಗಿತ್ತು. ಚಿಕ್ಕಪ್ಪ ಎದ್ದು ನಿಂತರು.

“ನಾನು ಸಾರ್. ನನ್ನ ಕೈಗೆ ಬಂದ ಯಾವ ಗಾಡೀನೂ ಇದುವರೆಗೂ ಗುಜರಿಗೆ ಹೋಗಿಲ್ಲ ಸಾರ್.”

“ಗಾಡಿ ಅಲ್ಲಾರೀ, ನಾಯಿ.”

“ನಾಲ್ಕು ಚಕ್ರ ಅಲ್ವಾ ಸಾರ್, ಒಂದೇ.”

ಎರಡು ದಿನ ಸುಸೂತ್ರವಾಗಿ ಕಳೆಯಿತು. ಮರಿ ಹೆಸರಿಗೆ ಚಿಕ್ಕಪ್ಪನ ವಶದಲ್ಲಿತ್ತು, ಹಗಲೆಲ್ಲ ಪೈಪಕ್ಕನ ಹಿಂದೆ ಇತ್ತು. ನೀರು ಚಿಮ್ಮಿದರೆ ಕಚ್ಚಲು ಹಾರುತ್ತಿತ್ತು, ಅವಳು ಕೂತರೆ ಅವಳ ಸೆರಗಿನ ಮೇಲೆ ನಿದ್ದೆ ಮಾಡುತ್ತಿತ್ತು. ಇದನ್ನು ಚಿಕ್ಕಪ್ಪನಿಗೆ ಸಹಿಸಲಾಗಲಿಲ್ಲ. ಮೂರನೇ ದಿನ ಬೆಳಿಗ್ಗೆ, ಗೇಟಿನ ಬಾಯಲ್ಲೇ ಹೊರಡಲು ನಿಂತಿದ್ದ ಬಸ್ಸಿನ ಹತ್ತಿರ ನಾಲ್ಕು ಮೆಕ್ಯಾನಿಕ್ಕುಗಳನ್ನು ಕೂಡಿಸಿಕೊಂಡು ಘೋಷಿಸಿದರು: “ಈ ಮರಿ ನನ್ನ ಮಾತು ಬಿಟ್ಟು ಇನ್ಯಾರ ಮಾತೂ ಕೇಳಲ್ಲ. ಡ್ರೈವರ್ ಸೀಟಲ್ಲಿ ಕೂರು ಅಂದ್ರೆ ಕೂರುತ್ತೆ. ನೋಡ್ತೀರಾ?”

ಮರಿಯನ್ನು ಡ್ರೈವರ್ ಸೀಟಿನ ಮೇಲೆ ಕೂರಿಸಿದರು. ಮರಿ ಕೂತಿತು. ಚಿಕ್ಕಪ್ಪ ಎದೆ ಉಬ್ಬಿಸಿ ಕೆಳಗಿಳಿದು ಬಂದರು. ಅಷ್ಟರಲ್ಲಿ ಕೆಳಗೆ ‘ಟಪ್, ಸರ್’ ಎಂದು ಸದ್ದಾಯಿತು. ಮರಿ ಸೀಟಿನಿಂದ ಹಾರಿ, ಬಾಗಿಲಿಗೆ ಓಡಿ, ಮೊದಲ ಮೆಟ್ಟಿಲಲ್ಲಿ ಕಾಲಿಟ್ಟು, ಉಳಿದ ಎರಡು ಮೆಟ್ಟಿಲುಗಳಲ್ಲಿ ಕಾಲಿಡದೆ, ನೇರವಾಗಿ ಚಿಕ್ಕಪ್ಪನ ಬೂಟಿನ ಪಕ್ಕ ಬಂದು ಬಿತ್ತು.

“ಕುಂಯ್!”

ಎದ್ದು ನಿಂತಾಗ ಅದು ಮೂರು ಕಾಲಿನ ಮೇಲಿತ್ತು. ಹಿಂದಿನ ಎಡಗಾಲು ಗಾಳಿಯಲ್ಲಿ.

ಮೆಕ್ಯಾನಿಕ್ಕುಗಳು ಮಾಯವಾದರು. ಚಿಕ್ಕಪ್ಪನ ಮುಖ ಬಿಳಿಚಿತು. ಗಾಜಿನ ಗುಂಡಿನ ಕೆಳಗಿನ ಕಾಗದ ಅವರ ಕಣ್ಣ ಮುಂದೆಯೇ ಹಾರಿಹೋಗುತ್ತಿತ್ತು.

“ಅಣ್ಣಾ, ಅದರ ಕಾಲು ಒಂದ್ಸಲ ಎತ್ತಿ...” ಎಂದು ಪೈಪಕ್ಕ ಪೈಪು ಕೆಳಗಿಟ್ಟಳು.

“ನೀನು ಸುಮ್ನಿರಮ್ಮಾ! ಇದು ತಾಂತ್ರಿಕ ವಿಷಯ,” ಎಂದು ಚಿಕ್ಕಪ್ಪ ಗದರಿ, ನನ್ನತ್ತ ಕೂಗಿದರು: “ಏಳನೇ ನಮೂನೆ ತಗೊಂಡ್ಬಾರೇ!”

ಅಲ್ಲಿಗೆ ಒಂದು ನಾಯಿಮರಿಯ ಬೀಳುವಿಕೆ ಮುಗಿದು, ಒಂದು ಸಂಸ್ಥೆಯ ಬೀಳುವಿಕೆ ಶುರುವಾಯಿತು.

ಏಳನೇ ನಮೂನೆ ಎಂಬ ಮಾತು ಗೇಟಿನ ಕಿಂಡಿಯೊಳಗೆ ಕೂತಿದ್ದ ಟೈಮ್‌ಕೀಪರನ ಕಿವಿಗೆ ಬಿತ್ತು. ನಿಯಮ ಬಿಟ್ಟರೆ ನಶ್ಯ, ನಶ್ಯ ಬಿಟ್ಟರೆ ನಿಯಮ, ಮೂರನೆಯದು ಗೊತ್ತಿಲ್ಲದ ಮನುಷ್ಯ. ಕೆಂಪು ಬಾವುಟ ಹಿಡಿದು ಬಂದ.

“ಯಾವ ಗಾಡಿಯಿಂದ ಬಿದ್ದಿದ್ದು? ಇದೇನಾ? ಹಾಗಾದ್ರೆ ನಮೂನೆ ಪೂರ್ತಿ ತುಂಬೋವರೆಗೂ ಈ ಗಾಡಿ ಅಲುಗಾಡೋ ಹಾಗಿಲ್ಲ.”

“ಗೇಟಿಗೆ ಅಡ್ಡ ನಿಂತಿದೆಯಲ್ಲಪ್ಪಾ!” ಎಂದ ಬಸ್ಸಿನ ಡ್ರೈವರ್. “ನನ್ನ ಹಿಂದೆ ಹನ್ನೆರಡು ಗಾಡಿ ಇವೆ.”

“ಹನ್ನೆರಡೂ ಅಲುಗಾಡೋ ಹಾಗಿಲ್ಲ.”

ಚಿಕ್ಕಪ್ಪ ನೆಲದ ಮೇಲೆ ಗೋಣಿಚೀಲ ಹಾಸಿ, ಮರಿಯನ್ನು ಮಲಗಿಸಿ, ತೋಳು ಮಡಿಚಿದರು. ನಾನು ಫಾರಂ ಹಿಡಿದು ಕೂತೆ.

“ಕಾಲಂ ಒಂದು, ಮುಂಭಾಗ ಎಡ.” ಮುಂಗಾಲನ್ನು ಹೆಗಲಿನಿಂದ ಕೆಳಗೆ ಒತ್ತುತ್ತ ಬಂದರು. ಮರಿ ಅವರ ಹೆಬ್ಬೆರಳು ನೆಕ್ಕಿತು. “ಸರಿ ಇದೆ. ಕಾಲಂ ಎರಡು, ಮುಂಭಾಗ ಬಲ. ಸರಿ ಇದೆ. ಕಾಲಂ ಮೂರು, ಹಿಂಭಾಗ ಎಡ...” ಕೈ ತಗುಲುತ್ತಲೇ ಮರಿ ಕೀಚಲು ದನಿಯಲ್ಲಿ ಅತ್ತಿತು. ಚಿಕ್ಕಪ್ಪ ಬೆಚ್ಚಿ ಕೈ ಹಿಂತೆಗೆದು, ತೊಡೆಯ ಮೇಲೆ ಸೀಮೆಸುಣ್ಣದಲ್ಲಿ ಒಂದು ಸೊನ್ನೆ ಬರೆದರು. ಕಪ್ಪು ಮರಿಯ ಮೇಲೆ ಅದು ಎದ್ದು ಕಂಡಿತು. “ಬರಿ, ನಡೆಯಲಾರದು. ಕಾಲಂ ನಾಲ್ಕು, ಹಿಂಭಾಗ ಬಲ. ಸರಿ ಇದೆ. ಕಾಲಂ ಐದು, ದೀಪ.” ಕಣ್ಣಿಗೆ ಟಾರ್ಚು ಬಿಟ್ಟರು. “ಎರಡೂ ಉರಿಯುತ್ತೆ. ಕಾಲಂ ಆರು, ಹಾರ್ನು.”

“ಈಗ ತಾನೇ ಹೊಡೀತಲ್ಲ ಚಿಕ್ಕಪ್ಪ.”

“ಬರಿ, ಸುಸ್ಥಿತಿ. ಕಾಲಂ ಒಂಬತ್ತು, ಸೋರಿಕೆ.”

ಈ ಪ್ರಶ್ನೆಗೆ ಮರಿ ಸ್ವತಃ ಉತ್ತರ ಕೊಟ್ಟಿತು. ಫಾರಮ್ಮಿನ ಕೆಳತುದಿ ನೆನೆಯಿತು.

“ಬರಿ,” ಎಂದರು ಚಿಕ್ಕಪ್ಪ ಗಂಭೀರವಾಗಿ, “ಇದೆ.”

ಅಷ್ಟರಲ್ಲಿ ಗೇಟಿನಾಚೆಯ ಸ್ಟಾಪಿನಲ್ಲಿ ಬಸ್ಸಿಗೆ ಕಾದು ಕಾದು ಬೇಸತ್ತ ಪ್ರಯಾಣಿಕರು ಗೇಟಿನೊಳಗೆ ನುಗ್ಗಿದರು. ಜಗಳಕ್ಕೆಂದೇ ಬಂದವರು, ಮರಿಯನ್ನು ಕಂಡು ಸಲಹೆಗೆ ಇಳಿದರು. ಒಬ್ಬ ಬೆನ್ನು ಮುರಿದಿದೆ ಎಂದ. ಇನ್ನೊಬ್ಬ ಬಾಲ ಅಲ್ಲಾಡಿಸುತ್ತಿದೆಯಲ್ಲ, ಬೆನ್ನು ಹೇಗೆ ಮುರಿಯುತ್ತೆ ಎಂದ. ಬಾಲವೂ ಬೆನ್ನೂ ಬೇರೆ ಬೇರೆ ಎಂದು ಮೊದಲನೆಯವನು ವಾದಿಸಿದ. ದಪ್ಪ ಕನ್ನಡಕದ ಹೆಂಗಸೊಬ್ಬಳು ತನ್ನ ಬಸ್ಸು ಎಷ್ಟು ಗಂಟೆಗೆ ಎಂದು ಕೇಳಲು ಬಂದವಳು, ಟೈಮ್‌ಕೀಪರನನ್ನು ತಳ್ಳಿ, ಮರಿಯ ಮೂಗು ಮುಟ್ಟಿ, “ತಣ್ಣಗಿದೆ, ಬದುಕುತ್ತೆ” ಎಂದು ತೀರ್ಪಿತ್ತಳು.

ಗೋಡೆಯ ಕಂಡಿಯಿಂದ ಚಿಕ್ಕಮ್ಮ ಬಂದಳು. ಅವಳ ಹಿಂದೆ ನಮ್ಮ ಪಕ್ಕದ ಮನೆಯ ನಿವೃತ್ತ ಕಾಂಪೌಂಡರ್ ಬಂದರು. ಮೂವತ್ತು ವರ್ಷ ಡಾಕ್ಟರ ಪಕ್ಕದಲ್ಲಿ ನಿಂತು, ಡಾಕ್ಟರು ಹೇಳಿದ್ದನ್ನೆಲ್ಲ ಮನಸ್ಸಿನಲ್ಲೇ ತಿದ್ದುತ್ತಿದ್ದವರು.

“ವಸಡು ನೋಡಿ ಮೊದ್ಲು,” ಎಂದರು. “ಬೆಳ್ಳಗಿದ್ರೆ ಒಳಗೆ ರಕ್ತ ಹೋಗ್ತಿದೆ ಅಂತ.”

ತುಟಿ ಎತ್ತಿದರು. ಬೆಳ್ಳಗಿತ್ತು.

“ಅಯ್ಯಯ್ಯೋ!” ಎಂದು ಜನ ಒಟ್ಟಾಗಿ ಉಸಿರೆಳೆದರು. ಚಿಕ್ಕಪ್ಪ ಗೋಣಿಚೀಲದ ಮೇಲೆಯೇ ಕುಸಿದರು.

ಚಿಕ್ಕಮ್ಮ ಸೆರಗಿನ ತುದಿಯಿಂದ ವಸಡು ಒರೆಸಿದಳು. ಕೆಂಪಗಾಯಿತು. “ಸೀಮೆಸುಣ್ಣ ನೆಕ್ಕಿದೆ ಕಣ್ರೀ ಅದು. ಅದರ ಮೈಮೇಲೆ ಲೆಕ್ಕ ಬರೆದೋರು ಯಾರು?”

“ಅತ್ತಿಗೆ, ಆ ಕಾಲು...” ಎಂದಳು ಪೈಪಕ್ಕ ಗುಂಪಿನ ಹಿಂದಿನಿಂದ. ಕಾಂಪೌಂಡರ್ ಕೈಯೆತ್ತಿ ತಡೆದರು. “ಸ್ವಲ್ಪ ಗಾಳಿ ಬಿಡಮ್ಮ.” ಅವಳು ಗಾಳಿ ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದಳು.

ಅಷ್ಟು ಹೊತ್ತಿಗೆ ಮೀಟಿಂಗಿಗೆ ಹೋಗಿದ್ದ ಸಾಹೇಬರಿಗೆ ಯಾರೋ ಪುಣ್ಯಾತ್ಮ ಫೋನು ಮಾಡಿದ್ದ. ಸಾಹೇಬರ ಜೀಪು ದೂಳೆಬ್ಬಿಸಿಕೊಂಡು ಬಂತು. ನಿಂತ ಹದಿಮೂರು ಬಸ್ಸನ್ನು ಅವರು ನೋಡಲಿಲ್ಲ, ನೆರೆದ ಜನವನ್ನು ನೋಡಲಿಲ್ಲ. “ಎಲ್ಲಿ ನನ್ನ ಮರಿ?”

ಚಿಕ್ಕಪ್ಪ ಫಾರಂ ಚಾಚಿದರು. ಸಾಹೇಬರು ಮೂರನೇ ಕಾಲಂ ಓದಿದರು: ಹಿಂಭಾಗ ಎಡ, ನಡೆಯಲಾರದು. ಓದಿದವರೇ ಬಸ್ಸಿನ ಬಾನೆಟ್ಟಿನ ಮೇಲೆ ಕಾಗದ ಇಟ್ಟು ಬರೆದರು: ‘ತುರ್ತು. ಸಂಸ್ಥೆಯ ಜೀಪಿನಲ್ಲಿ ಕೂಡಲೇ ಕರೆದೊಯ್ದು ಪೂರ್ಣ ಚಿಕಿತ್ಸೆ ಕೊಡಿಸುವುದು. ಮಂಜೂರು.’ ಅದರ ಕೆಳಗೆ ಸಹಿ. ಡಿಪೋದಲ್ಲಿ ನಾನಿದ್ದ ಆರು ವರ್ಷದಲ್ಲಿ ಅಷ್ಟು ಬೇಗ ಬಿದ್ದ ಸಹಿ ಅದೊಂದೇ. ಶೌಚಾಲಯದ ಬಾಗಿಲಿಗೆ ಚಿಲಕ ಬೇಕೆಂದು ನಾವು ಹೆಂಗಸರು ಕೊಟ್ಟ ಅರ್ಜಿ ಆಗ ಎರಡನೇ ವರ್ಷದಲ್ಲಿತ್ತು.

“ಮುರಿದಿದ್ರೆ ಮಾತ್ರ, ತಪಾಸಕರೇ,” ಎಂದರು ಸಾಹೇಬರು, “ಆ ಗಾಜಿನ ಗುಂಡಿನ ಕೆಳಗಿರೋ ಕಾಗದ ಮರೆತುಬಿಡಿ.”

ಆಗ ಪೈಪಕ್ಕ ಯಾರನ್ನೂ ಕೇಳಲಿಲ್ಲ. ‘ಟಪ್, ಸರ್’ ಎಂದು ಗುಂಪನ್ನು ಸೀಳಿ ಬಂದು, ನೆಲಕ್ಕೆ ಕೂತು, ಮರಿಯನ್ನು ಮಡಿಲಿಗೆ ಎಳೆದುಕೊಂಡಳು. ಅದರ ಕಾಲನ್ನು ಒತ್ತಲಿಲ್ಲ, ತಟ್ಟಲಿಲ್ಲ. ಮೆಲ್ಲಗೆ ಎತ್ತಿ ಪಾದವನ್ನು ಮಗುಚಿದಳು. ಬೆರಳುಗಳ ಸಂದಿಯಲ್ಲಿ ಡಾಂಬರಿನದೊಂದು ಉಂಡೆ. ಅದರೊಳಗೆ ಸಿಕ್ಕಿಕೊಂಡ, ಉಗುರಿನಷ್ಟುದ್ದದ ಕಬ್ಬಿಣದ ಚೂರು. ಎರಡು ಬೆರಳಲ್ಲಿ ಹಿಡಿದು ಕಿತ್ತಳು. ಮರಿ ಒಂದು ಸಲ ‘ಕುಂಯ್’ ಎಂದು, ಮಡಿಲಿಂದ ಇಳಿದು, ನಾಲ್ಕೂ ಕಾಲಿನಲ್ಲಿ ಓಡಿಹೋಗಿ ಟೈಮ್‌ಕೀಪರನ ಬಾವುಟ ಕಚ್ಚಿತು.

ಬೆಟ್ಟ ಅಗೆದವರೆಲ್ಲ ಆ ಇಲಿಯನ್ನು ನೋಡುತ್ತ ನಿಂತರು.

“ಬೆಳಿಗ್ಗೆಯಿಂದ್ಲೇ ಕುಂಟ್ತಿತ್ತು ಸಾರ್,” ಎಂದಳು ಪೈಪಕ್ಕ. “ಬಿದ್ದಿದ್ದಕ್ಕೆ ಕುಂಟಿದ್ದಲ್ಲ. ಕುಂಟ್ತಿದ್ದಕ್ಕೆ ಬಿತ್ತು.”

“ಅಡಿ ನೋಡೋಕೆ ಕಾಲಂ ಇಲ್ಲ,” ಎಂದರು ಚಿಕ್ಕಪ್ಪ ತಮ್ಮಷ್ಟಕ್ಕೆ.

ಸಾಹೇಬರಿಗೆ ಸಂತೋಷ ತಡೆಯಲಾಗಲಿಲ್ಲ. ಜೋಕು ಮಾಡಿದರು. “ಇಷ್ಟು ಜನಕ್ಕೆ ಕಾಣದ್ದು ನಿಂಗೆ ಹೇಗಮ್ಮಾ ಗೊತ್ತಾಯ್ತು? ಓ, ನೀನೂ ಕುಂಟ್ತೀಯಲ್ವಾ! ಅನುಭವ!” ನಕ್ಕರು. ಸಾಹೇಬರು ನಕ್ಕದ್ದಕ್ಕೆ ಟೈಮ್‌ಕೀಪರ್ ನಕ್ಕ. “ಯಾವಾಗಿಂದ ಇದು?”

“ಮೂರು ತಿಂಗಳಾಯ್ತು ಸಾರ್. ಬಸ್ಸಿನ ನೆತ್ತಿ ತೊಳೆಯುವಾಗ ಏಣಿಯಿಂದ ಬಿದ್ನಲ್ಲ. ಆವಾಗಿಂದ.”

ಚಿಕ್ಕಪ್ಪ ತಲೆ ಎತ್ತಿದರು. “ಅದಾ? ಅದನ್ನ ನಾನೇ ತಪಾಸಣೆ ಮಾಡಿದ್ದೆನಲ್ಲ!”

“ಹೌದಣ್ಣ,” ಎಂದಳು ಪೈಪಕ್ಕ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು. “ಬಸ್ಸನ್ನ ತುಂಬಾ ಚೆನ್ನಾಗಿ ನೋಡಿದ್ರಿ. ಏಣಿ ತಗುಲಿದ ಕಡೆಯೆಲ್ಲ ಟಾರ್ಚು ಬಿಟ್ಟು ನೋಡಿದ್ರಿ. ನಾನು ಅಲ್ಲೇ ಕೂತಿದ್ದೆ.”

ನನಗೆ ಆ ಫಾರಂ ಅಕ್ಷರ ಅಕ್ಷರವಾಗಿ ನೆನಪಾಯಿತು. ‘ಹಾನಿ: ಇಲ್ಲ.’ ಮೂರು ಪ್ರತಿ. ಟೈಪು ಮಾಡಿದವಳು ನಾನು. ಕಿಟಕಿಯ ಹೊರಗೆ ಅವತ್ತೇ ಮೊದಲ ಸಲ ಆ ಸದ್ದು ಬದಲಾಗಿತ್ತು. ನಾನು ಅದಕ್ಕೆ ಗಡಿಯಾರ ಸರಿಮಾಡಿಕೊಂಡಿದ್ದೆ.

“ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆಯೋ ಗಂಡನ್ನ ಕಟ್ಕೊಂಡಿದೀನಲ್ಲ!” ಎಂದು ಚಿಕ್ಕಮ್ಮ ಹಣೆ ಚಚ್ಚಿಕೊಂಡಳು.

ಚಿಕ್ಕಪ್ಪ ಪೈಪಕ್ಕನ ಮುಂದೆ ಮಂಡಿಯೂರಿ ಕೂತರು. ತಟ್ಟಲು ಕೈಯೆತ್ತಿದರು, ತಟ್ಟಲಿಲ್ಲ. “ಯಾವ ಕಾಲು?”

“ಎಡಗಾಲು.”

ಪಾದದ ಗಂಟು ಎಲೆಕೋಸಿನಷ್ಟು ಊದಿತ್ತು. ಚಿಕ್ಕಪ್ಪ ಅದನ್ನು ನೋಡಿದರು. ಕೈಯಲ್ಲಿದ್ದ ಫಾರಂ ನೋಡಿದರು. ಮತ್ತೊಮ್ಮೆ ಕಾಲು, ಮತ್ತೊಮ್ಮೆ ಫಾರಂ. ಅವರ ಮುಖದಲ್ಲಿ, ಹೊಸ ಬಸ್ಸು ಮೊದಲ ಸಲ ಡಿಪೋಗೆ ಬಂದಾಗ ಕಾಣುತ್ತಿದ್ದ ಬೆಳಕು ಬಂತು.

“ಏಳಮ್ಮಾ. ಜೀಪು ಹತ್ತು.”

“ಏನ್ರೀ ಮಾಡ್ತಿದೀರಿ?” ಎಂದರು ಸಾಹೇಬರು.

“ಮಂಜೂರಾಗಿದೆಯಲ್ಲ ಸಾರ್. ಹಿಂಭಾಗ ಎಡ, ನಡೆಯಲಾರದು. ತುರ್ತು. ಪೂರ್ಣ ಚಿಕಿತ್ಸೆ.”

“ಅದು ಮರಿಗೆ ಕಣ್ರೀ!”

“ಫಾರಮ್ಮಲ್ಲಿ ಮರಿ ಅಂತ ಎಲ್ಲೂ ಇಲ್ಲ ಸಾರ್,” ಎಂದರು ಚಿಕ್ಕಪ್ಪ. ಅವರ ಜೀವಮಾನದಲ್ಲಿ ಅಷ್ಟು ವಿನಯವಾಗಿ ಅವರು ಮಾತಾಡಿದ್ದನ್ನು ನಾನು ಕಂಡಿಲ್ಲ. “ಮನುಷ್ಯರು ಅಂತ್ಲೂ ಇಲ್ಲ. ಹದಿಮೂರರಲ್ಲಿ ಒಂದರಲ್ಲೂ ಇಲ್ಲ. ಅದಕ್ಕೇ ಅವತ್ತು ಬರೆಯೋಕಾಗಲಿಲ್ಲ ಸಾರ್. ಅದಕ್ಕೇ ಇವತ್ತು ಯಾರಿಗೆ ಬೇಕಾದ್ರೂ ಆಗುತ್ತೆ.”

ಸಾಹೇಬರು ಟೈಮ್‌ಕೀಪರನತ್ತ ತಿರುಗಿದರು. “ಇದು ನಡೆಯುತ್ತೇನಯ್ಯಾ?”

ಟೈಮ್‌ಕೀಪರ್ ಒಂದು ಚಿಟಿಕೆ ನಶ್ಯ ಏರಿಸಿದ. ಅವನು ಯಾರ ಪಕ್ಷದವನೂ ಅಲ್ಲ, ನಿಯಮದ ಪಕ್ಷದವನು. “ಸಹಿ ಬಿದ್ದ ನಮೂನೆ ವಾಪಸ್ ತಗೊಳ್ಳೋ ಹಾಗಿಲ್ಲ ಸಾರ್. ಚಿಕಿತ್ಸೆ ಆಗಿ ಬರೋವರೆಗೂ ಬಸ್ಸು ಬಿಡೋ ಹಾಗೂ ಇಲ್ಲ.”

“ಹತ್ತಿಸ್ರೀ ಆಯಮ್ಮನ್ನ!” ಎಂದು ಪ್ರಯಾಣಿಕರು ಒಂದೇ ಬಾಯಲ್ಲಿ ಕೂಗಿದರು. ದಪ್ಪ ಕನ್ನಡಕದ ಹೆಂಗಸಂತೂ ಸಾಹೇಬರನ್ನು ಭುಜದಿಂದ ಸರಿಸಿ, ಪೈಪಕ್ಕನ ತೋಳು ಹಿಡಿದು, ಮುಂದಿನ ಸೀಟಿಗೇ ಕೂರಿಸಿದಳು. ಮರಿ ಹಿಂದಿನಿಂದ ಹಾರಿ ಪೈಪಕ್ಕನ ಮಡಿಲು ಸೇರಿತು. ಇಳಿಸಲು ಹೋದ ಸಾಹೇಬರಿಗೆ ಹಲ್ಲು ತೋರಿಸಿತು. ವಸಡು ಕೆಂಪಗಿತ್ತು.

ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ಪಾದದ ಗಂಟಿನ ಮೂಳೆ ಮುರಿದು, ಮುರಿದಂತೆಯೇ ಸೊಟ್ಟಗೆ ಕೂಡಿಕೊಂಡಿತ್ತು. ಮತ್ತೆ ಸರಿಮಾಡಿ ಪ್ಲಾಸ್ಟರ್ ಹಾಕಿದರು, ಎರಡು ತಿಂಗಳು ರಜೆ ಬರೆದರು. ಅವಳು ವಾಪಸು ಬಂದಾಗ ‘ಸರ್’ ಎನ್ನುವುದು ಮುಕ್ಕಾಲು ಪಾಲು ಹೋಗಿತ್ತು; ಕಾಲು ಪಾಲು ಕೊನೆಯವರೆಗೂ ಉಳಿಯಿತು. ಅದು ನಮ್ಮ ಮೂರು ತಿಂಗಳಿನ ಪಾಲು. ಮರಿಯನ್ನು ಸಾಹೇಬರು ಬಣ್ಣ ಒಣಗಿದ ಮನೆಗೆ ಕರೆದೊಯ್ದರು. ವಾರದೊಳಗೆ ಅದು ಗೋಡೆಯ ಕಂಡಿಯಲ್ಲಿ ನುಸುಳಿ ಬಂದು ಪೈಪು ಕಚ್ಚುತ್ತಿತ್ತು. ಎರಡು ಸಲ ಕರೆದೊಯ್ದರು, ಎರಡು ಸಲ ಬಂತು. ಮೂರನೇ ಸಲ ಸಾಹೇಬರೇ ಬರಲಿಲ್ಲ.

ಚಿಕ್ಕಪ್ಪನಿಗೆ ಮೆಮೊ ಬಂತು: ಮರಿಗೆಂದು ಮಂಜೂರಾದ ಚಿಕಿತ್ಸೆಯನ್ನು ನೌಕರಳಿಗೆ ಕೊಡಿಸಿದ್ದೇಕೆ, ವಿವರಣೆ ಕೊಡಿ. ಉತ್ತರದಲ್ಲಿ ಒಂದು ವಾಕ್ಯವಿತ್ತು: ‘ಕೂಲಂಕಷವಾಗಿ ತಪಾಸಣೆ ಮಾಡಲಾಗಿ, ಕುಂಟುತ್ತಿರುವುದು ಮರಿಯಲ್ಲ, ಸಂಸ್ಥೆ ಎಂದು ಕಂಡುಬಂದಿದೆ.’ ಅದು ಚಿಕ್ಕಪ್ಪ ಹೇಳಿದ್ದಲ್ಲ, ನಾನು ಟೈಪು ಮಾಡುವಾಗ ಸೇರಿಸಿದ್ದು. ಅವರು ಎಂದಿನಂತೆ ಓದದೆ ಸಹಿ ಮಾಡಿದರು. ಗಾಜಿನ ಗುಂಡಿನ ಕೆಳಗಿನ ಕಾಗದ ಅಲ್ಲೇ ಹಳದಿಯಾಯಿತು. ಅವರು ಬರೀ ತಪಾಸಕರಾಗಿಯೇ ನಿವೃತ್ತರಾದರು.

ಆದರೆ ಅವತ್ತಿನಿಂದ ಪ್ರತಿ ಏಳನೇ ನಮೂನೆಯ ಕೊನೆಗೆ ಚಿಕ್ಕಪ್ಪ ಸ್ಕೇಲು ಇಟ್ಟು ಪೆನ್ಸಿಲಿನಲ್ಲಿ ಒಂದು ಗೆರೆ ಎಳೆಯುತ್ತಿದ್ದರು. ಗೆರೆಯ ಪಕ್ಕ ಬರೆಯುತ್ತಿದ್ದರು: ‘೧೪. ಬಿದ್ದವರು ಯಾರು?’ ಅಚ್ಚಿನಲ್ಲಿಲ್ಲದ ಕಾಲಂ ಎಂದು ಮೇಲಿನವರು ಹೊಡೆದುಹಾಕುತ್ತಿದ್ದರು. ಇವರು ಮುಂದಿನ ಫಾರಮ್ಮಿನಲ್ಲಿ ಮತ್ತೆ ಎಳೆಯುತ್ತಿದ್ದರು. ನಾನು ಮೂರು ಪ್ರತಿ ಟೈಪು ಮಾಡುತ್ತಿದ್ದೆ.

ಹೋದ ವರ್ಷ ಚಿಕ್ಕಪ್ಪ ಬಲ್ಬು ಬದಲಿಸಲು ಕುರ್ಚಿ ಹತ್ತಿ ಜಾರಿ ಬಿದ್ದರು. ಅಡಿಗೆಮನೆಯಿಂದ ಚಿಕ್ಕಮ್ಮ, ಹಜಾರದಿಂದ ನಾನು, ಇಬ್ಬರೂ ಓಡಿದೆವು. ನೆಲದ ತುಂಬ ಗಾಜು.

“ಅಯ್ಯೋ, ಬಲ್ಬು ಹೋಯ್ತಾ?” ಎಂದಳು ಚಿಕ್ಕಮ್ಮ.

“ಕುರ್ಚಿ ಕಾಲೂ ಮುರಿದಿದೆ,” ಎಂದೆ ನಾನು, ಕುರ್ಚಿ ಎತ್ತಿ ನೋಡುತ್ತ.

ನೆಲದ ಮೇಲೆ ಅಂಗಾತ ಬಿದ್ದಿದ್ದ ಚಿಕ್ಕಪ್ಪ ಕಣ್ಣು ಬಿಟ್ಟು, ನಮ್ಮಿಬ್ಬರನ್ನೂ ಒಬ್ಬರಾದ ಮೇಲೆ ಒಬ್ಬರನ್ನು ನೋಡಿ, ನಿಧಾನವಾಗಿ ಹೇಳಿದರು:

“ಹದಿನಾಲ್ಕರಿಂದ ಶುರು ಮಾಡ್ರೇ.”